ಹನ್ನೆರಡು ಬಣ್ಣದ ಟೋಪಿ

ಊರ ತುಂಬ ಟೋಪಿ ಹಾಕುವವರೇ ಇರುವಾಗ ಟೋಪಿ ತಿಕ್ಕಿ ಬದುಕಿದವನು ತ್ಯಾಗರಾಜನಗರದ ಕೊಟ್ರಪ್ಪ ಒಬ್ಬನೇ ಇರಬೇಕು. ಅದೂ ಗಾಂಧಿ ಟೋಪಿ, ಜರಿ ಟೋಪಿ ಅಲ್ಲ. ಲಡಾಯಿಗೆ ಹೋಗುವ ಸಿಪಾಯಿಗಳು ತಲೆಗೆ ಕವುಚಿಕೊಳ್ಳುವ ಕಬ್ಬಿಣದ ಟೋಪಿ. ಮೂವತ್ತು ವರ್ಷ ಬಸ್ಸಿನ ಬಾಡಿ ಕಟ್ಟುವ ಷೆಡ್ಡಿನಲ್ಲಿ ಬಣ್ಣ ಬಳಿದು, ಬೋರ್ಡು ಬರೆದು, ಕೊನೆಗೆ ಒಂದು ಕೆಮ್ಮನ್ನು ಸಂಪಾದಿಸಿಕೊಂಡು ಹೊರಬಿದ್ದವನಿಗೆ ಬಣ್ಣ ತೆಗೆಯುವ ಕೆಲಸ ಸಿಕ್ಕಿತು. ಬಳಿದ ಪಾಪ ತೊಳೆಯುತ್ತಿದ್ದಾನೆ ಎಂದು ವಠಾರದವರು ನಗುತ್ತಿದ್ದರು. ನಗಲಿ ಬಿಡಿ. ನಗುವವರಿಗೆ ಮನೆಯಲ್ಲಿ ಮಾತಾಡಲು ಜನರಿದ್ದರು.

ಕೊಟ್ರಪ್ಪನಿಗೆ ಇರಲಿಲ್ಲ. ಹೆಂಡತಿ ಸರ್ವಮಂಗಳಾ ತೀರಿಕೊಂಡು ಎಂಟು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಕೊಟ್ಟೂರಿನ ಕಡೆಯ ನೆಂಟರು ಮೊದಮೊದಲು ಕಾಗದ ಬರೆದರು, ಆಮೇಲೆ ಮದುವೆಗೆ ಮಾತ್ರ ಬರೆದರು, ಆಮೇಲೆ ಮದುವೆ ಮುಗಿದ ಮೇಲೆ ಬರೆದರು. ಬೆಳಿಗ್ಗೆ ಹಾಲಿನವನಿಗೆ ‘ಒಂದು ಪಾವು’ ಎಂದು ಹೇಳಬೇಕಾದರೂ ಅವನು ಎರಡು ಸಲ ಕೆಮ್ಮಿ ದನಿಯನ್ನು ಹುಡುಕಿಕೊಳ್ಳಬೇಕಾಗುತ್ತಿತ್ತು.

ಟೋಪಿಯ ಕೆಲಸ ಕೊಟ್ಟವರು ಜಯನಗರದ ಮೂರನೇ ಬ್ಲಾಕಿನಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದ ಒಬ್ಬ ರಿಟೈರ್ಡ್ ಕ್ಯಾಪ್ಟನ್ನರು. ಮೊದಲನೇ ಮಹಾಯುದ್ಧದ ಟೋಪಿಗಳನ್ನು ಎಲ್ಲೆಲ್ಲಿಂದಲೋ ತಂದು ಕೂಡಿಹಾಕುವುದು ಅವರ ಹುಚ್ಚು. ಅವುಗಳ ಮೇಲೆ ಆಮೇಲಿನವರು ಕೈಗೆ ಸಿಕ್ಕ ಬಣ್ಣವನ್ನು ಬಳಿದಿರುತ್ತಿದ್ದರು. ಒಂದನ್ನು ಯಾವುದೋ ಕ್ಲಬ್ಬಿನ ಗೋಡೆಗೆ ತೂಗುಹಾಕಲು ಬೆಳ್ಳಿಬಣ್ಣ ಮಾಡಿದ್ದರು. ಇನ್ನೊಂದರಲ್ಲಿ ಕ್ರೋಟನ್ ಗಿಡ ನೆಟ್ಟು ಹೊರಗೆ ಹಸಿರು ಹಚ್ಚಿದ್ದರು. ಅದನ್ನೆಲ್ಲ ಬಿಡಿಸಿ, ಕೆಳಗೆ ಮಲಗಿರುವ ಮೊದಲ ಬಣ್ಣಕ್ಕೆ ಒಂದು ಗೀರೂ ಬೀಳದಂತೆ ಹೊರತರಬೇಕು. ಬ್ಲೇಡು ಮುಟ್ಟುವಂತಿಲ್ಲ. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿ, ಸೋಡಾಪುಡಿಯ ಸರಿ, ಬಿದಿರಿನ ಚಕ್ಕೆ, ಮತ್ತೆ ಎತ್ತಿನಂಥ ತಾಳ್ಮೆ. ಮೊದಲು ಒಂದಾಣೆ ಬಿಲ್ಲೆಯಗಲ ಕಿಟಕಿ ತೆಗೆದು ಎಷ್ಟು ಪದರವಿದೆಯೆಂದು ಎಣಿಸಬೇಕು, ಆಮೇಲೆ ಒಂದೊಂದೇ ಪದರ. ಬಿಡಿಸಿದ ಚೂರನ್ನು ಎಸೆಯುವುದಕ್ಕೂ ಇಲ್ಲ. ಪದರಕ್ಕೊಂದು ಪೊಟ್ಟಣ ಕಟ್ಟಿ ನಂಬರು ಹಾಕಿಡಬೇಕೆಂದು ಕ್ಯಾಪ್ಟನ್ನರ ಕಟ್ಟಪ್ಪಣೆ.

“ಮೊದಲನೇ ಬಣ್ಣ ಒಂದೇ ನಿಜ, ಕೊಟ್ರಪ್ಪ. ಆಮೇಲಿಂದೆಲ್ಲ ಕೊಳೆ,” ಎಂದು ಅವರು ಹೇಳುತ್ತಿದ್ದರು. ಕೊಟ್ರಪ್ಪ ಅದನ್ನು ಗುರುವಾಕ್ಯದ ಹಾಗೆ ನಂಬಿದ್ದ. ಪ್ರತಿ ಶನಿವಾರ ಅವರ ವರಾಂಡದಲ್ಲಿ ಒಂದು ಗಂಟೆ ಕೂತು, ಕಾಫಿ ಕುಡಿದು, ಬಣ್ಣದ ವಿಷಯ ಮಾತಾಡಿ ಬರುವುದು ಆರು ವರ್ಷ ನಡೆಯಿತು. ಐವತ್ತೆಂಟನೇ ಇಸವಿಯ ಯುಗಾದಿ ಕಳೆದ ವಾರ ಕ್ಯಾಪ್ಟನ್ನರು ತೀರಿಕೊಂಡರು. ನೆಂಟರು ಲಾರಿ ತಂದು ಟೋಪಿಗಳನ್ನೆಲ್ಲ ತುಂಬಿಕೊಂಡು ಹೋದರು. ಶನಿವಾರ ಬಂದರೆ ಕೊಟ್ರಪ್ಪ ಅಂಗಿ ತೊಟ್ಟು, ಎಲ್ಲಿಗೆ ಹೋಗುವುದೆಂದು ತಿಳಿಯದೆ, ಅಂಗಿ ಬಿಚ್ಚುತ್ತಿದ್ದ.

ಆಷಾಢದಲ್ಲಿ ಒಂದು ದಿನ ಕತ್ರಿಗುಪ್ಪೆಯಿಂದ ಸೈಕಲ್ಲಿನಲ್ಲಿ ಹಾಲು ತರುವ ಬೈರಣ್ಣ, ಕಿಟಕಿಯ ಮೇಲೆ ಸಾಲಾಗಿಟ್ಟ ಬಿದಿರಿನ ಚಕ್ಕೆಗಳನ್ನು ನೋಡಿ ಇವು ಏತಕ್ಕೆ ಎಂದು ಕೇಳಿದ. ಕೊಟ್ರಪ್ಪ ಕೆಮ್ಮಿ, ದನಿ ಹುಡುಕಿಕೊಂಡು, ಎಲ್ಲ ಹೇಳಿದ. ಹಾಲು ಆರಿಹೋಗುವಷ್ಟು ಹೊತ್ತು ಹೇಳಿದ. ಬೈರಣ್ಣ ಸೈಕಲ್ಲಿನ ಸ್ಟ್ಯಾಂಡು ಹಾಕಿ ಕೇಳಿಸಿಕೊಂಡು, “ನಮ್ ಮನೇಲೂ ಅಂತದ್ದೊಂದ್ ಐತೆ, ಕೊಟ್ರಪ್ಪಣ್ಣ. ನಮ್ಮಣ್ಣಂದು,” ಎಂದ.

ಮುಂದಿನ ಸೋಮವಾರ ಬೈರಣ್ಣನ ತಾಯಿ ನಾರಾಯಣಮ್ಮ ತಾನೇ ಬಂದಳು. ಗಾಂಧಿಬಜಾರಿಗೆ ಹೂವು ಹೊತ್ತು ಬರುವವಳು. ಎಪ್ಪತ್ತರ ಹತ್ತಿರದ, ಒಣಗಿದ ಹುಣಸೆಕಟ್ಟಿಗೆಯಂಥ ಹೆಂಗಸು. ಕುಕ್ಕೆಯ ತಳದಲ್ಲಿ ಸೇವಂತಿಗೆಯ ಕೆಳಗೆ ಟೋಪಿಯಿತ್ತು. ಅಗಲವಾದ, ಮೇಲೆ ಬೆಳ್ಳಿಬಣ್ಣ ಮಿನುಗುವ ಟೋಪಿ. ಎತ್ತಿಕೊಂಡ ಕೂಡಲೇ ಕೊಟ್ರಪ್ಪನಿಗೆ ಇದರ ಭಾರ ಹೆಚ್ಚು ಎನ್ನಿಸಿತು. ಬಣ್ಣದ ಭಾರ ಅವನ ಕೈಗೆ ಗೊತ್ತಿತ್ತು.

ಜಗಲಿಯಲ್ಲಿ ಕೂತು ಮುದುಕಿ ವಿಷಯ ಹೇಳಿದಳು. ಅವಳ ದೊಡ್ಡ ಮಗನ ಹೆಸರು ಚಿಕ್ಕಬೈರಪ್ಪ. ತಾತ ದೊಡ್ಡಬೈರಪ್ಪ ಬದುಕಿದ್ದಾಗ ಹುಟ್ಟಿದ್ದರಿಂದ ಮನೆಯ ದೊಡ್ಡ ಮಗನಾದರೂ ಚಿಕ್ಕವನೇ ಆದ. ಎರಡನೇ ಲಡಾಯಿಗೆ ಸೇರಿಕೊಂಡ. ಕೊನೆಯ ರಜೆಗೆ ಬಂದಾಗ ಟೋಪಿಯೂ ಸಾಮಾನಿನ ಜೊತೆ ಬಂದಿತ್ತು. ಹೊರಡುವ ಹಿಂದಿನ ದಿನ ಜಗಲಿಯ ಮೇಲೆ ಕೂತು ಅದರ ಹಿಂಬದಿಯ ಅಂಚಿನಲ್ಲಿ ತನ್ನ ಹೆಸರು ಬರೆದ. ಅವಳು ರಾಗಿ ಕೇರುತ್ತಾ ನೋಡಿದ್ದಳು. ಬರ್ಮಾದಲ್ಲಿ ಸತ್ತನೆಂದು ಕಾಗದ ಬಂತು. ಎರಡು ವರ್ಷದ ಮೇಲೆ, ನಲವತ್ತಾರನೇ ಇಸವಿಯಲ್ಲಿ, ಕನಕಪುರದ ಕಡೆಯ ಒಬ್ಬ ಸಿಪಾಯಿ ಈ ಟೋಪಿಯನ್ನು ತಂದುಕೊಟ್ಟು, ನೀರೂ ಕುಡಿಯದೆ ಹೊರಟುಹೋದ. ಮನೆಯಲ್ಲಿ ಹುಡುಗನ ಒಂದು ಪಟವೂ ಇರಲಿಲ್ಲ. ಟೋಪಿಯೇ ಪಟವಾಯಿತು.

ಅದೇ ವರ್ಷ ಆಯುಧಪೂಜೆ ಬಂತು. ಆಯುಧಪೂಜೆ ಎಂದರೆ ನೇಗಿಲು, ಕುಡುಗೋಲು, ಗಾಡಿಯ ಚಕ್ರ, ಮನೆಯಲ್ಲಿರುವ ಕಬ್ಬಿಣವೆಲ್ಲ ತೊಳೆದು ಹೊಸ ಬಣ್ಣ ಕಾಣಬೇಕು. ಗಂಡ ಗಾಡಿಗೆ ತಂದ ಬಣ್ಣದಲ್ಲಿ ಟೋಪಿಗೂ ಎರಡು ಕೈ ಹೊಡೆದ. ಕೆಸರು ಮೆತ್ತಿದ್ದ ಟೋಪಿಯನ್ನು ತಿರುಗಿಸಿ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಬಣ್ಣ ಒಣಗಿದ ಮೇಲೆ ಅವಳಿಗೆ ಹೆಸರಿನ ನೆನಪಾಯಿತು. ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವೇನು? ಆದರೂ ಹನ್ನೆರಡು ವರ್ಷ ಚಿಂತಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ವರ್ಷ ವರ್ಷವೂ ಹೊಸ ಬಣ್ಣ ಬೀಳುವುದನ್ನು ನೋಡಿಕೊಂಡು ಸುಮ್ಮನಿದ್ದಳು.

“ನಂಗೆ ಓದಕ್ ಬರಾಕಿಲ್ಲ. ಆದ್ರೂವೆ ಅವ್ನ್ ಬರ್ದಿದ್ರ್ ಮ್ಯಾಲೆ ಒಂದ್ ಕಿತ ಬೆರ್ಳಾಡಿಸ್ಬೇಕು ಕಣಪ್ಪ,” ಎಂದಳು. “ಈ ಆಯುಧಪೂಜೆ ಒಳ್ಗೆ ಆಯ್ತದಾ?”

ಆಗುತ್ತದೆ ಎಂದ ಕೊಟ್ರಪ್ಪ. ಇಲ್ಲಿ ಅವನು ಮಾಡಿದ ಒಂದು ಕೆಲಸವನ್ನು ಹೇಳಿಬಿಡಬೇಕು. ಹಿಂದಿನ ಅಂಚಿನಲ್ಲಿ ಎರಡು ಬೆರಳಗಲ ಬಣ್ಣ ತೆಗೆದಿದ್ದರೆ ಎರಡೇ ದಿನದಲ್ಲಿ ಮುಗಿಯುತ್ತಿತ್ತು. ಮುದುಕಿ ಕೇಳಿದ್ದೂ ಅಷ್ಟೇ. ಅವನು ಮುಂಭಾಗದಲ್ಲಿ ಕಿಟಕಿ ತೆಗೆದು, ಈರುಳ್ಳಿಯ ಹಾಗೆ ಹನ್ನೆರಡು ಸುತ್ತು ಎಣಿಸಿ, ಒಂದೊಂದೇ ಪದರವಾಗಿ ಇಡೀ ಟೋಪಿಯನ್ನು ಬಿಡಿಸಿಕೊಂಡು ಹೋಗಬೇಕು, ಇಲ್ಲವಾದರೆ ಅಕ್ಷರಕ್ಕೆ ಪೆಟ್ಟು ಎಂದು ಹೇಳಿದ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ವಾರಕ್ಕೊಂದು ಪದರವೆಂದರೆ ಹನ್ನೆರಡು ವಾರ. ಪ್ರತಿ ಸೋಮವಾರ ಬಂದು ನೋಡಿ ಎಂದ. ಮುದುಕಿ ತಲೆಯಾಡಿಸಿ, ಕುಕ್ಕೆಯಿಂದ ಅವನ ಲಿಂಗಪೂಜೆಗೆಂದು ಒಂದು ಹಿಡಿ ಹೂವು ಇಟ್ಟು ಹೋದಳು.

ಮಾರನೆಯ ದಿನದಿಂದ ಕೊಟ್ರಪ್ಪ ಒಂದು ಪಾವಿನ ಬದಲು ಎರಡು ಪಾವು ಹಾಲು ಹಾಕಿಸಿಕೊಂಡ. ಮುದುಕಿ ಬರುವುದು ಸೋಮವಾರ ಮಾತ್ರ. ದಿನಾ ಎರಡು ಪಾವು ಏಕೆಂದು ಬೈರಣ್ಣ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಹೀಗೆ ಶುರುವಾಯಿತು. ವಾರವೆಲ್ಲ ಅವನು ಒಂದು ಪದರವನ್ನು ಬಿಡಿಸುತ್ತಿದ್ದ. ಸೋಮವಾರ ಅವಳು ಬಂದು ಕೆಳಗೆ ಕಂಡ ಬಣ್ಣವನ್ನು ನೋಡಿ ಆ ವರ್ಷವನ್ನು ಹೇಳುತ್ತಿದ್ದಳು. ಬೆಳ್ಳಿಬಣ್ಣದ ಕೆಳಗೆ ಬಂದ ಹಸಿರು ಹೊಸ ಗಾಡಿ ಮಾಡಿಸಿದ ವರ್ಷದ್ದು. ಅದರ ಕೆಳಗಿನ ನೀಲಿ ಬೈರಣ್ಣನ ಮದುವೆಗೆ ಬಾಗಿಲಿಗೆ ಹಚ್ಚಿ ಉಳಿದದ್ದು. ಸೊಸೆ ಬಾಗಿಲಿನ ಬಣ್ಣ ಚೆನ್ನಾಗಿಲ್ಲ ಎಂದು ಮೊದಲ ದಿನವೇ ಮುಖ ಸೊಟ್ಟ ಮಾಡಿದ್ದಳಂತೆ, ಆ ಕತೆಗೆ ಒಂದು ಗಂಟೆ ಹಿಡಿಯಿತು. ಇನ್ನೊಂದು ಬರೀ ಕೆಮ್ಮಣ್ಣು, ಮಳೆಯಿಲ್ಲದ ವರ್ಷ. ಕೊಟ್ರಪ್ಪನಿಗೆ ಆ ಮನೆಯ ಹಸುಗಳ ಹೆಸರೂ ಬಾಯಿಗೆ ಬಂತು. ಹತ್ತಿಯನ್ನು ಅದ್ದಿ ತಿಕ್ಕುವಾಗ ಅವುಗಳನ್ನು ಒಂದೊಂದೇ ಹೇಳಿಕೊಳ್ಳುತ್ತಿದ್ದ. ಎಂಟು ವರ್ಷದಲ್ಲಿ ಮೊದಲ ಸಲ ಅವನ ಮನೆಯಲ್ಲೇ ವಾರಕ್ಕೊಂದು ಹಬ್ಬದ ದಿನವಿತ್ತು.

ಎಂಟನೆಯ ಪದರ ಕಪ್ಪು. ಟರ್ಪೆಂಟೈನ್ ಮುಟ್ಟಿಸಿದ ಕೂಡಲೇ ಹತ್ತಿಗೆ ಬಂದುಬಿಟ್ಟಿತು. ಬಣ್ಣವೇ ಅಲ್ಲ, ದೀಪದ ಮಸಿ. ನಾರಾಯಣಮ್ಮ ಆ ಹತ್ತಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಅದು ಗಂಡ ಸತ್ತ ವರ್ಷ. ವರ್ಷ ತುಂಬುವ ತನಕ ಹಬ್ಬ ಮಾಡುವಂತಿಲ್ಲ, ಯಾವುದಕ್ಕೂ ಬಣ್ಣವಿಲ್ಲ. ಎಲ್ಲರೂ ಹೊಲಕ್ಕೆ ಹೋದಾಗ ಅವಳು ದೀಪದ ಮಸಿಗೆ ಹರಳೆಣ್ಣೆ ಕಲಸಿ, ಬೆರಳಿನಲ್ಲೇ ಟೋಪಿಗೆ ಹಚ್ಚಿದ್ದಳು.

“ಹಬ್ಬದ್ ದಿನ ಮಗೀನ ಹಳೇ ಬಟ್ಟೇಲಿ ಕೂರ್ಸ್ದಂಗಾಯ್ತದೆ ಅನ್ನುಸ್ತು,” ಎಂದಳು. “ಬೈರಂಗೂ ಗೊತ್ತಿಲ್ಲ ಇದು.”

ಆ ಪೊಟ್ಟಣದಲ್ಲಿ ಕಟ್ಟಲು ಚೂರೇ ಇರಲಿಲ್ಲ. ಕಪ್ಪಾದ ಹತ್ತಿಯನ್ನೇ ಕಾಗದದಲ್ಲಿ ಮಡಿಸಿ ಎಂಟು ಎಂದು ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ.

ಹಿಂಬದಿಯ ಅಂಚನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಅದನ್ನು ಕೊನೆಗೆಂದು ಇಟ್ಟುಕೊಂಡಿದ್ದ. ಟೋಪಿಯ ಉಳಿದ ಭಾಗವೆಲ್ಲ ಸರ್ಕಾರದ ಮೊದಲ ಬಣ್ಣಕ್ಕೆ ಬಂದಿತ್ತು: ಮರಳು ಬೆರೆಸಿ ಹೊಡೆದ, ಹೊಳಪಿಲ್ಲದ ಮಣ್ಣುಬಣ್ಣ. ಒಂದು ಗೀರೂ ಬಿದ್ದಿರಲಿಲ್ಲ. ಕ್ಯಾಪ್ಟನ್ನರು ಇದ್ದಿದ್ದರೆ ಕನ್ನಡಕ ಏರಿಸಿ ಎರಡು ಸಲ ತಲೆಯಾಡಿಸುತ್ತಿದ್ದರು. ಮಹಾಲಯ ಅಮಾವಾಸ್ಯೆಯ ಹಿಂದಿನ ಶುಕ್ರವಾರ ಬೆಳಿಗ್ಗೆ ಕೊಟ್ರಪ್ಪ ಬಾಗಿಲ ಬೆಳಕಿಗೆ ಕೂತು ಅಂಚನ್ನು ಬಿಡಿಸಲು ತೊಡಗಿದ. ಹೆಸರು ಕಾಣಿಸಿದ ಮೇಲೆ ಅವಳು ಬರುವುದು ನಿಲ್ಲುತ್ತದೆ ಎಂಬುದು ತಿಳಿದೇ ಇತ್ತು. ತಿಳಿದೂ ಬಿಡಿಸಿದ. ಕೊಟ್ಟ ಮಾತು ಮಾತೇ.

ಶನಿವಾರ ಮಧ್ಯಾಹ್ನ ಅಕ್ಷರಗಳು ಬಂದವು. ಬಿಳಿಯ ಬಣ್ಣದ ಸಣ್ಣ ಇಂಗ್ಲಿಷ್ ಅಕ್ಷರಗಳು. ಬಸ್ಸಿನ ಬೋರ್ಡು ಬರೆದ ಕೊಟ್ರಪ್ಪನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಒಂದು ನಂಬರು, ಅದರ ಮುಂದೆ ‘ಎ. ದುರೈ’.

ಅವನು ಉಳಿದ ಅಂಚನ್ನೂ ಬಿಡಿಸಿದ. ಒಳಗೆ ನೋಡಿದ, ತಲೆಗೆ ಕೂರುವ ಚರ್ಮದ ಪಟ್ಟಿಯ ಕೆಳಗೆ ನೋಡಿದ. ಬೇರೇನೂ ಇರಲಿಲ್ಲ. ಲಡಾಯಿಯಲ್ಲಿ ಯಾರ ಟೋಪಿ ಯಾರ ತಲೆಗೆ ಹೋಯಿತೋ. ಕನಕಪುರದ ಸಿಪಾಯಿ ರಾಶಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದನೋ, ಪಾಪ, ಬರಿಗೈಯಲ್ಲಿ ಒಬ್ಬ ತಾಯಿಯ ಮುಂದೆ ನಿಲ್ಲಲಾರದೆ ತಂದನೋ. ಅದಕ್ಕೇ ಅವನು ನೀರೂ ಕುಡಿಯದೆ ಓಡಿದ್ದಿರಬೇಕು. ಹನ್ನೆರಡು ವರ್ಷ ಆ ಮನೆಯವರು ಯಾರದೋ ಮಗನಿಗೆ ಬಣ್ಣ ಬಳಿದು ಪೂಜೆ ಮಾಡಿದ್ದರು.

ಸಂಜೆಯ ತನಕ ಕೊಟ್ರಪ್ಪ ಹಾಗೇ ಕೂತ. ಆಮೇಲೆ ಎದ್ದು ತೆಂಗಿನ ಚಿಪ್ಪಿನಲ್ಲಿ ಬಿಳಿಯ ಬಣ್ಣವನ್ನು ಅಗಸೆ ಎಣ್ಣೆಗೆ ಕಲಸಿದ. ಸಣ್ಣ ಬ್ರಷ್ಷು ತೆಗೆದ. ಮುದುಕಿಗೆ ಓದಲು ಬರುವುದಿಲ್ಲ. ದುರೈಯನ್ನು ಅಳಿಸಲು ಒಂದು ಸಲ ಹತ್ತಿ ಆಡಿಸಿದರೆ ಸಾಕು. ಚಿಕ್ಕಬೈರಪ್ಪ ಎಂದು ಬರೆಯುವುದು ಎರಡು ನಿಮಿಷದ ಕೆಲಸ. ಓಡುವ ಬಸ್ಸಿಗೆ ಊರ ಹೆಸರು ಬರೆದ ಕೈ ಅದು. ಅವಳು ಬೆರಳಾಡಿಸಿ, ಕಣ್ಣೊರೆಸಿಕೊಂಡು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋಗುವಳು. ಯಾರಿಗೆ ನಷ್ಟ?

ಬ್ರಷ್ಷು ಅದ್ದಿದ. ಹತ್ತಿಯನ್ನು ಎಡಗೈಯಲ್ಲಿ ಹಿಡಿದ. ಎತ್ತಿದ ಕೈ ಕೆಳಗಿಳಿಯಲಿಲ್ಲ. ಸುಳ್ಳಿಗೆ ಹೆದರಿದನೆಂದಲ್ಲ, ಬಸ್ಸಿನ ಷೆಡ್ಡಿನಲ್ಲಿ ಹಳೇ ಬಸ್ಸಿಗೆ ಹೊಸದೆಂದು ಬಣ್ಣ ಹೊಡೆದವನು, ಅವನಿಗೆ ಸುಳ್ಳೇನೂ ಹೊಸದಲ್ಲ. ಒಬ್ಬ ತಾಯಿಗೆ ಮಗನನ್ನು ಬರೆದುಕೊಡಲು ಇನ್ನೊಬ್ಬ ತಾಯಿಯ ಮಗನನ್ನು ಒರೆಸಬೇಕಾಗಿತ್ತು. ಆ ದುರೈಗೆ ಈ ಲೋಕದಲ್ಲಿ ಉಳಿದಿರುವುದು ಈ ಐದಾರು ಅಕ್ಷರವೇ ಆಗಿದ್ದರೆ? ಚಿಪ್ಪಿನ ಮೇಲೆ ಕಾಗದ ಮುಚ್ಚಿ ಮೂಲೆಗಿಟ್ಟ.

ಸೋಮವಾರ ನಾರಾಯಣಮ್ಮ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು ಬಂದಳು. ಬಂದವಳೇ ಹಿತ್ತಲ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಕೊಟ್ರಪ್ಪ ಕಾಫಿ ಕೊಡುವ ಮೊದಲೇ ಹೇಳಿಬಿಟ್ಟ. ಹೆಸರು ಇದೆ, ಆದರೆ ನಿಮ್ಮ ಮಗನದಲ್ಲ, ದುರೈ ಅಂತ ಯಾರೋ. ಟೋಪಿ ಅದಲುಬದಲು ಆಗಿರಬೇಕು.

ಅವಳು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವನು ತೋರಿಸಿದ ಕಡೆ ಬೆರಳಾಡಿಸಿದಳು. ಒಂದು ಸಲ, ಎರಡು ಸಲ.

“ಇದು ಉಬ್ಬಿಕಂಡೈತೆ,” ಎಂದಳು. “ನನ್ ಮಗ ದಬ್ಬಳದಲ್ಲಿ ಕೊರ್ದಿದ್ದ. ಬೆರ್ಳಿಗೆ ಹಳ್ಳ ಸಿಗ್ಬೇಕಾಗಿತ್ತು.”

ಶನಿವಾರ ಬರೆದಿದ್ದರೆ ಆ ಬೆರಳಿಗೆ ಕೊಟ್ರಪ್ಪ ಸಿಕ್ಕಿಬೀಳುತ್ತಿದ್ದ. ಮೂಲೆಯ ಚಿಪ್ಪಿನ ಕಡೆ ಅವನು ನೋಡಲಿಲ್ಲ.

ಮುದುಕಿ ಅಳಲಿಲ್ಲ. ಟೋಪಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು; ಗುರುತು ಹಿಡಿಯಲು ಏನಾದರೂ ಉಳಿದಿದೆಯೇ ಎಂದು ಹುಡುಕುವವಳ ಹಾಗೆ. ಹಸಿರಿಲ್ಲ, ಬಾಗಿಲಿನ ನೀಲಿಯಿಲ್ಲ, ಮಸಿಯಿಲ್ಲ. ಆಗ ಕೊಟ್ರಪ್ಪನಿಗೆ ತಾನು ಮಾಡಿದ್ದು ಏನೆಂದು ಅರ್ಥವಾಯಿತು. ಕ್ಯಾಪ್ಟನ್ನರು ಹೇಳಿದ ಆ ಮೊದಲ ಬಣ್ಣ ಪರರದು. ಕೊಳೆ ಎಂದು ಅವನು ಕೆರೆದದ್ದಷ್ಟೇ ಅವಳದು.

“ತಪ್ಪು ನಂದು, ತಾಯಿ,” ಎಂದ. “ನೀವು ಕೇಳಿದ್ದು ಎರಡು ಬೆರಳಗಲ. ನೀವು ವಾರವಾರ ಬರ್ತಿರ್ಲಿ ಅಂತ ನಾನು ಎಲ್ಲಾನೂ ತೆಗೆದ್ಬಿಟ್ಟೆ. ಇಲ್ಲಿ ಮಾತಾಡೋಕೆ ನಂಗೆ ಯಾರೂ ಇಲ್ಲ.”

ನಾರಾಯಣಮ್ಮ ಅವನ ಮುಖ ನೋಡಿದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ.

“ನಂಗೂ ಬೇಕಾಗಿತ್ತು ಕಣಪ್ಪ,” ಎಂದಳು. “ಮನೇಲಿ ಅವ್ನ್ ಮಾತೆತ್ತುದ್ರೆ ಬೈರ ಎದ್ದೋಯ್ತಾನೆ. ಈ ಜಗ್ಲಿ ಮ್ಯಾಲೆ ಹನ್ನೆರ್ಡ್ ವಾರ ಆಡ್ದೆ.” ಟೋಪಿಯನ್ನು ಜಗಲಿಯ ಮೇಲಿಟ್ಟು, “ಕೆರ್ದಿದ್ ಬಣ್ಣವ ಎಲ್ ಚೆಲ್ದೆ?” ಎಂದು ಕೇಳಿದಳು.

ಚೆಲ್ಲಿರಲಿಲ್ಲ. ಕ್ಯಾಪ್ಟನ್ನರ ಕಟ್ಟಪ್ಪಣೆ ಕೊನೆಗೂ ಒಬ್ಬರ ಉಪಯೋಗಕ್ಕೆ ಬಂತು. ಬಿಸ್ಕತ್ತಿನ ಡಬ್ಬಿ ತಂದು ಅವಳ ಮುಂದೆ ಹನ್ನೆರಡು ಪೊಟ್ಟಣಗಳನ್ನು ಸಾಲಾಗಿಟ್ಟ. ಅವಳು ಮೊದಲು ಮಸಿಯದನ್ನು ಕೇಳಿದಳು. ಅದನ್ನು ಬಿಚ್ಚಿ, ಮೂಸಿ, ಮತ್ತೆ ಮಡಿಸಿದಳು. ಆಮೇಲೆ ಎಲ್ಲವನ್ನೂ ಸೆರಗಿನ ತುದಿಗೆ ಸುರಿದು ಭದ್ರವಾಗಿ ಗಂಟು ಹಾಕಿಕೊಂಡಳು. ಈ ಸಲ ಇವನ್ನೇ ಇಟ್ಟು ಪೂಜೆ ಮಾಡುತ್ತೇನೆ ಎಂದಳು. ಟೋಪಿಯನ್ನು ಅವನ ಕಡೆ ಸರಿಸಿದಳು.

“ಇದು ಅವ್ರ್ ಮಗುಂದು. ನನ್ ಮಗುಂದು ಯಾರ್ ಮನೇಲೈತೋ. ಅಲ್ಲಿ ಯಾರಾದ್ರೂವೆ ಅದ್ಕೊಂದ್ ಹೂವ ಮಡುಗ್ತಾ ಇರ್ಬೈದು. ನೀನು ಇದ್ಕೊಂದ್ ಮಡುಗು.”

ಕಾಫಿ ಆರಿಹೋಗಿತ್ತು. ಆರಿದ್ದನ್ನೇ ಕುಡಿದು, ಕುಕ್ಕೆ ತಲೆಗೇರಿಸಿಕೊಂಡು ಹೋದಳು. ಮತ್ತೆ ಬರುತ್ತೀರಾ ಎಂದು ಕೊಟ್ರಪ್ಪ ಕೇಳಲಿಲ್ಲ. ಯಾವ ನೆಪದಲ್ಲಿ ಕೇಳುವುದು?

ಮುಂದಿನ ಸೋಮವಾರ ಅವಳು ಬರಲಿಲ್ಲ. ಅವ್ವನಿಗೆ ಇನ್ನು ಬಜಾರು ಬೇಡ ಎಂದಿದ್ದೇನೆ, ಹೂವನ್ನು ನಾನೇ ಸೈಕಲ್ಲಿನಲ್ಲಿ ತರುತ್ತೇನೆ ಎಂದು ಬೈರಣ್ಣ ಹೇಳಿದ. ಎಷ್ಟು ಹಾಲು ಹಾಕಲಿ ಎಂದು ಕೇಳಿದಾಗ ಕೊಟ್ರಪ್ಪ ಎರಡು ಸಲ ಕೆಮ್ಮಿ, ಒಂದು ಪಾವು ಎಂದ.

ಆಯುಧಪೂಜೆಯ ಬೆಳಿಗ್ಗೆ ವಠಾರದಲ್ಲಿ ಸೈಕಲ್ಲುಗಳಿಗೆ ಬಾಳೆಕಂದು ಕಟ್ಟುತ್ತಿದ್ದರು. ಸರ್ವಮಂಗಳಾ ಹೋದ ಮೇಲೆ ಕೊಟ್ರಪ್ಪ ಈ ಹಬ್ಬ ಮಾಡಿರಲಿಲ್ಲ. ಅವನು ಗಾಂಧಿಬಜಾರಿಗೆ ನಡೆದುಹೋಗಿ ನಾಲ್ಕು ಸೇವಂತಿಗೆ ತಂದ. ಹೂ ಮಾರುವವರ ಸಾಲನ್ನು ಒಂದು ಸಲ ಪೂರ್ತಿ ನೋಡಿಕೊಂಡೇ ತಂದ. ಬಿದಿರಿನ ಚಕ್ಕೆ, ಬ್ರಷ್ಷು, ಬಣ್ಣದ ಡಬ್ಬಿಗಳನ್ನು ತೊಳೆದು ಮಣೆಯ ಮೇಲೆ ಜೋಡಿಸಿ, ನಡುವೆ ಟೋಪಿಯನ್ನಿಟ್ಟ. ಅದಕ್ಕೆ ವಿಭೂತಿ ಹಚ್ಚುವುದೋ ಕುಂಕುಮ ಇಡುವುದೋ ತಿಳಿಯಲಿಲ್ಲ. ದುರೈ ಯಾವ ಜಾತಿಯೋ, ಯಾವ ದೇವರೋ. ಹೂವಿಗೆ ಆ ತೊಂದರೆಯಿಲ್ಲ. ಹೂವಿಟ್ಟ.

ಆದರೂ ಏನೋ ಕೊರೆಯಿತು. ಹೊಸ ಬಣ್ಣ ಕಾಣದೆ ಕಬ್ಬಿಣಕ್ಕೆ ಪೂಜೆಯಿಲ್ಲವಲ್ಲ. ಮೂಲೆಯಿಂದ ತೆಂಗಿನ ಚಿಪ್ಪನ್ನು ತಂದು ಕಾಗದ ತೆಗೆದ. ಬಿಳಿಯ ಬಣ್ಣದ ಮೇಲೆ ಹಾಲಿನ ಕೆನೆಯ ಹಾಗೆ ಪದರ ಕಟ್ಟಿತ್ತು. ಒಡೆದರೆ ಒಳಗೆ ಇನ್ನೂ ಹಸಿಯಿತ್ತು. ಸಣ್ಣ ಬ್ರಷ್ಷಿನಲ್ಲಿ, ಆ ಸಿಪಾಯಿ ಬರೆದ ಗೆರೆಯನ್ನು ದಾಟದಂತೆ, ಮಾಸಿದ ಅಕ್ಷರಗಳ ಮೇಲೆ ಒಂದೊಂದಾಗಿ ಬರೆದ. ಕ್ಯಾಪ್ಟನ್ನರು ಇದ್ದಿದ್ದರೆ ಕೆಂಡವಾಗುತ್ತಿದ್ದರು. ಅವರ ಲೆಕ್ಕದಲ್ಲಿ ಇದು ಮೊದಲ ಕೊಳೆ.

ಹೆಸರು ಬೆಳ್ಳಗೆ ಎದ್ದು ಕಾಣಿಸಿತು. ಬಣ್ಣ ಒಣಗುವ ತನಕ ಯಾರ ಕೈಯೂ ತಾಗಬಾರದೆಂದು ಟೋಪಿಯನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟ. ಆ ಮನೆಯಲ್ಲಿ ಅದನ್ನು ಮುಟ್ಟುವವರು ಯಾರೂ ಇರಲಿಲ್ಲ.